ಗುರುವಾರದ ನಗು

ಕೆಂಗೇರಿಯ ತಂಗಿಯ ಮನೆಯಿಂದ ಹೊರಟಾಗಲೇ ಅನಂತಲಕ್ಷ್ಮಿಯ ಮನಸ್ಸು ನೆಟ್ಟಗಿರಲಿಲ್ಲ. ಗುರುವಾರ ಬೆಳಿಗ್ಗೆ ತಾನು ತನ್ನ ಮನೆಯಲ್ಲಿರಬಾರದು ಎಂಬ ಒಂದೇ ಕಾರಣಕ್ಕೆ, ಮಂಡಿನೋವಿನ ರಾಗಿಣಿಯನ್ನು ನೋಡಿಕೊಂಡು ಬರುತ್ತೇನೆಂದು ನೆಪ ಹೇಳಿ ಬುಧವಾರ ಸಂಜೆಯೇ ಬಂದು ಮಲಗಿದ್ದಳು. ತಪ್ಪಿಸಿಕೊಳ್ಳುವುದೆಂದರೆ ಅಷ್ಟು ಸಲೀಸೇ? ಇನ್ನೂ ಕಾಫಿ ಲೋಟ ಕೆಳಗಿಟ್ಟಿರಲಿಲ್ಲ, ಗಂಡನ ಫೋನು. "ಅನಂತೂ, ಎಷ್ಟೊತ್ತಿಗೆ ಬರ್ತೀಯಾ? ಮಧ್ಯಾಹ್ನ ಕಾಂತರಾಜು ಅಗ್ರಿಮೆಂಟ್ ತಗೊಂಡು ಬರ್ತಾ ಇದಾನೆ, ಇನ್ನೂ ಮೂರು ವರ್ಷಕ್ಕೆ. ಅಷ್ಟರೊಳಗೆ ನಿಂಗೆ ಹೊಸ ಕಂತು ಓದ್ಬೇಕು. ನೀನು ನಕ್ಕರೆ ಸೈನ್ ಹಾಕ್ತೀನಿ. ನಗ್ಲಿಲ್ಲ ಅಂದ್ರೆ ಇಲ್ಲ." ಇಷ್ಟು ಹೇಳಿ ಇಟ್ಟುಬಿಟ್ಟಿದ್ದ. ಹೆಂಡತಿಯ ನಗುವಿನ ಮೇಲೆ ಮೂರು ವರ್ಷದ ಕರಾರು ನಿಂತಿದೆಯೆಂದರೆ ಕೇಳಿದವರಿಗೆ ನಗು ಬಂದೀತು. ಅವಳಿಗೆ ಮಾತ್ರ ಗಂಟಲಲ್ಲಿ ಬಿಸಿತುಪ್ಪ ನಿಂತ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾಗಿಣಿ ಇಡ್ಲಿ ತಿಂದು ಹೋಗೆಂದರೂ ಕೇಳದೆ ಹೊರಟಳು. ಮೆಟ್ರೋದಲ್ಲಿ ಸೀಟು ಸಿಕ್ಕಿತು. ಸಿಗದಿದ್ದರೇ ಒಳ್ಳೆಯದಿತ್ತು, ಏಕೆಂದರೆ ಎದುರು ಸೀಟಿನಲ್ಲಿ ಕಾಲೇಜು ಬ್ಯಾಗಿನ ಹುಡುಗರಿಬ್ಬರು ಕೂತು ಫೋನನ್ನು ಜೋರಾಗಿ ಹಚ್ಚಿದ್ದರು, ಮತ್ತು ಅದರಿಂದ ಬಂದದ್ದು ಬೋರಲಿಂಗಯ್ಯನ ಕೀರಲು ದನಿ.

ಬೋರಲಿಂಗಯ್ಯ ಎಂದರೆ 'ಏಳನೇ ಅಡ್ಡರಸ್ತೆ'ಯ ಬೋರಲಿಂಗಯ್ಯ. ಕರೆಂಟ್ ಮೀಟರ್ ಓದುವ ಕೆಲಸದವನು, ಬೋಳುತಲೆ, ಡೊಳ್ಳುಹೊಟ್ಟೆ, ಪಕ್ಕದಲ್ಲಿ ಹೆಂಡತಿ ಪದ್ದಕ್ಕ, ಹುಟ್ಟಿದಾಗಿನಿಂದ ಏಳನೇ ಕ್ಲಾಸಿನಲ್ಲೇ ಇರುವ ಮಗ. ಇಪ್ಪತ್ತು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿರುವ ಕಾರ್ಟೂನು ಧಾರಾವಾಹಿ. ಅದನ್ನು ಮೊದಲ ದಿನದಿಂದ ಬರೆಯುತ್ತ ಬಂದವನು ಅವಳ ಗಂಡ ಪುರುಷೋತ್ತಮ, ದುಡ್ಡು ಹಾಕಿ ತೆಗೆಯುವವನು ಕಾಂತರಾಜು. ಬೋರಲಿಂಗಯ್ಯ ಏನೋ ಅಂದ. ಹಿಂದೆಯೇ ಒಬ್ಬ ಹೆಂಗಸು ಬಿದ್ದು ಬಿದ್ದು ನಕ್ಕಳು. ಹುಡುಗರಲ್ಲಿ ಒಬ್ಬ ಮುಖ ಕಿವಿಚಿದ. "ಆಫ್ ಮಾಡೋ ಮಗಾ. ಆ ಆಂಟಿ ನಗು ಕೇಳಿದ್ರೆ ಮೈಯೆಲ್ಲಾ ಉರಿಯುತ್ತೆ. ಜೋಕೇ ಇಲ್ಲ, ಏನಕ್ಕೆ ನಗ್ತಾಳೋ!" ಇನ್ನೊಬ್ಬ, "ಹಳೇದು ನೋಡು ಗುರು, ಕುಕ್ಕರ್ ಗ್ಯಾಸ್ಕೆಟ್ ಎಪಿಸೋಡು. ನಮ್ಮಪ್ಪ ಈಗ್ಲೂ ನಕ್ಕು ನಕ್ಕು ಕೆಮ್ತಾರೆ. ಆಗ ಬರೀತಿದ್ದೋನು ಹೋಗ್ಬಿಟ್ಟ ಅನ್ಸುತ್ತೆ, ಈಗ ಯಾವನೋ ಬೇರೆಯೋನು" ಎಂದ. ಅನಂತಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೋನಿನಲ್ಲಿ ನಕ್ಕ ಆ ಆಂಟಿ ತಾನೇ ಎಂದು ಈ ಹುಡುಗರಿಗೆ ಯಾವ ಕಾಲಕ್ಕೂ ಗೊತ್ತಾಗುವುದು ಸಾಧ್ಯವಿರಲಿಲ್ಲ. ಆದರೂ ಮುಚ್ಚಿಕೊಂಡಳು. ಬೇರೆಯವನಲ್ಲಪ್ಪಾ, ಅವರೇ ಬರೆಯೋದು, ಕೆಟ್ಟಿದ್ದು ನನ್ನಿಂದ, ಎಂದು ಹೇಳಿಬಿಡಬೇಕು ಅನ್ನಿಸಿ, ಹೇಳದೆ, ಅತ್ತಿಗುಪ್ಪೆ ಬರುವವರೆಗೆ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಳು.

ಆ ನಗು ನಿಜವಾದ ನಗು. ಅದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲಳು. ಆಗ ಅವರು ರಾಜಾಜಿನಗರದಲ್ಲಿ ಬಾಡಿಗೆಗಿದ್ದರು, ನಡುಮನೆಯಲ್ಲೇ ಚಿತ್ರ ಬರೆಯುವವರು, ಅಡುಗೆಮನೆ ಬಾಗಿಲಿಗೆ ರಜಾಯಿ ಇಳಿಬಿಟ್ಟು ಅಲ್ಲೇ ಧ್ವನಿಮುದ್ರಣ. ಸೌಂಡಿನ ಕಿಟ್ಟಿ ಅಕ್ಕಿ ಡಬ್ಬಿಯ ಹಿಂದೆ ಮೈಕ್ ಅವಿತಿಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಪುರುಷೋತ್ತಮ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ. ಪಕ್ಕದ ಮನೆಯವರ ಕುಕ್ಕರಿನ ಗ್ಯಾಸ್ಕೆಟ್ ಎರವಲು ತಂದ ಬೋರಲಿಂಗಯ್ಯ ಅದನ್ನು ಕಳೆದುಹಾಕಿದ್ದಾನೆ, ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಒಳಗೆ ಬೇಳೆ ಬೇಯುತ್ತಿದೆಯೆಂದು ನಂಬಿಸಲು ಗಂಡ ಹೆಂಡತಿ ಮಗ ಮೂವರೂ ಅಡುಗೆಮನೆಯಲ್ಲಿ ನಿಂತು ಸರದಿಯ ಮೇಲೆ ಬಾಯಲ್ಲೇ ಸೀಟಿ ಕೂಗುತ್ತಿದ್ದಾರೆ. ಹೊರಗಿನಿಂದ ಆಕೆ "ಮೂರಾಯ್ತು ಇಳ್ಸಿ ಪದ್ದಕ್ಕಾ, ಸೀದೋಗುತ್ತೆ" ಅನ್ನುತ್ತಾಳೆ, ಒಳಗೆ ಇಳಿಸುವುದು ಹೇಗೆಂದು ತಿಳಿಯದೆ ಬೋರಲಿಂಗಯ್ಯ ನಿಧಾನವಾಗಿ ಕೆಳಗೆ ಕೂರುತ್ತಾನೆ. ಅನಂತಲಕ್ಷ್ಮಿ ಗೋಡೆಗೆ ಒರಗಿ ನಕ್ಕಳು, ಒಲೆಯ ಮೇಲೆ ಹಾಲು ಉಕ್ಕಿ ಸುರಿದರೂ ನಕ್ಕಳು. ಕೊನೆಗೆ "ಅಯ್ಯೋ ಹಾಲು!" ಎಂದು ಕೂಗಿದ್ದಳು. ಕಿಟ್ಟಿ ಆ ಹಾಲನ್ನು ಕತ್ತರಿಸಿ ನಗುವನ್ನಷ್ಟೇ ಉಳಿಸಿಕೊಂಡ. ಅಂದಿನಿಂದ ಇಂದಿನವರೆಗೂ, ಮಹಾಲಕ್ಷ್ಮಿ ಲೇಔಟಿನ ಸ್ಟುಡಿಯೋದಲ್ಲಿ ಜೋಕು ಎಂದು ಬರೆದಿರುವ ಕಡೆಯಲ್ಲೆಲ್ಲ ಅದನ್ನೇ ತಂದು ಅಂಟಿಸುತ್ತಾರೆ. ಟೀವಿಯಲ್ಲಿ ಅದು ಮುಗಿದಾಗೆಲ್ಲ ಅವಳು ಮನಸ್ಸಿನಲ್ಲೇ ಅಯ್ಯೋ ಹಾಲು ಎಂದು ಮುಗಿಸಿಕೊಳ್ಳುತ್ತಾಳೆ.

ಅತ್ತಿಗುಪ್ಪೆಯಲ್ಲಿ ಇಳಿದು ಹತ್ತಿದ ಆಟೋ ವಿಜಯನಗರದ ಸಿಗ್ನಲ್ಲಿನಲ್ಲಿ ನಿಂತಿತು. ಯಾವಾಗ ಕೆಟ್ಟಿತು? ಹಾಲು ಒಡೆದ ಹಾಗೆ ಒಂದೇ ಸಲ ಒಡೆದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಮೊದಮೊದಲು ಬೋರಲಿಂಗಯ್ಯ ಜಿಪುಣನಾಗಿದ್ದಕ್ಕೆ ಒಂದು ಅರ್ಥವಿತ್ತು; ತಂಗಿಯ ಮದುವೆ ಮಾಡಿ ಬಸವಳಿದವನು, ನಾಳೆಗೆ ಹೆದರಿದವನು, ಬಲ್ಬು ಆರಿಸುವಾಗ ಅವನ ಮುಖದಲ್ಲಿ ಒಂದು ನಾಚಿಕೆ ಇರುತ್ತಿತ್ತು. ಆ ನಾಚಿಕೆಯನ್ನು ಚಿತ್ರ ಬರೆಯುವವರು ಹುಬ್ಬಿನಲ್ಲಿ ತರುತ್ತಿದ್ದರು. ವರ್ಷ ಕಳೆದ ಹಾಗೆ ಜಿಪುಣತನ ಬೆಳೆಯಿತು, ಮನುಷ್ಯ ಕರಗಿದ. ಪದ್ದಕ್ಕ ಬುದ್ಧಿವಂತೆಯಾಗಿದ್ದವಳು ಬರೀ ಬಾಯಿಬಡುಕಿಯಾದಳು. ಏಳನೇ ಅಡ್ಡರಸ್ತೆಯಲ್ಲಿ ಒಂದು ಹಾಲಿನ ಪಾಕೀಟು ಕಳುವಾದರೆ ಒಂದು ಕಂತು ಆಗುತ್ತಿದ್ದ ಕಾಲ ಹೋಗಿ, ಬೋರಲಿಂಗಯ್ಯ ಕುದುರೆ ಹತ್ತಿದ, ದೆವ್ವಕ್ಕೆ ಮನೆ ಬಾಡಿಗೆ ಕೊಟ್ಟ, ಚಂದ್ರಲೋಕಕ್ಕೂ ಹೋಗಿಬಂದ. ಅಲ್ಲಿಯೂ ಕರೆಂಟ್ ಉಳಿಸಿದ. ಮೊದಲು ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಮಾತಾಡುತ್ತಿದ್ದರು, ಆ ದನಿಗೆ ತಕ್ಕ ಹಾಗೆ ಬಾಯಿ ಬರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಬಾಯಿಗಳು ಮೊದಲೇ ತಯಾರು, ಒಬ್ಬೊಬ್ಬರೇ ಬಂದು ತಮ್ಮ ಪಾಲಿನದನ್ನು ತುಂಬಿ ಹೋಗುತ್ತಾರೆ. ಇದನ್ನೆಲ್ಲ ಅವಳು ಬಲ್ಲಳು. ಆದರೆ ಇವೆಲ್ಲ ಪಕ್ಕವಾದ್ಯ. ಮೂಲ ಕೇಡು ಅಡುಗೆಮನೆಯಲ್ಲೇ ಆದದ್ದು, ಒಂದು ಗುರುವಾರ, ಅವಳ ಬಾಯಿಯಿಂದಲೇ.

ಮದುವೆಯಾದ ಹೊಸದರಿಂದಲೂ ಪುರುಷೋತ್ತಮನದು ಒಂದೇ ಪದ್ಧತಿ. ಬರೆದದ್ದನ್ನು ಮೊದಲು ಅನಂತಲಕ್ಷ್ಮಿಯ ಮುಂದೆ ಓದಬೇಕು. ಅವಳು ನಕ್ಕದ್ದು ಉಳಿಯಬೇಕು, ನಗದೆ ಹೋದದ್ದು ಅಲ್ಲೇ ಕಸದ ಬುಟ್ಟಿಗೆ. "ನನ್ನ ಹೆಂಡತಿ ಸುಳ್ಳು ನಗೋ ಜಾತಿ ಅಲ್ಲಯ್ಯಾ" ಎಂದು ಎಲ್ಲರ ಮುಂದೆ ಮೀಸೆ ತಿರುವುತ್ತಿದ್ದ. ಹದಿಮೂರು ವರ್ಷದ ಹಿಂದೆ, ಆ ಗುರುವಾರ ಬಂದ ವರ್ಷ, ಅವಳ ಮಾವನವರು ತೀರಿಕೊಂಡಿದ್ದರು. ತೀರಿಕೊಳ್ಳುವ ಮೊದಲಿನ ಕಾಲವೇ ಕಷ್ಟದ್ದು. ಮೊದಲು ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದು ಚೆನ್ನಾಗಿದೆ ಎಂದರು, ಆಮೇಲೆ ಅವಳನ್ನು "ಯಾರಮ್ಮಾ ನೀವು" ಎಂದರು, ಕೊನೆಗೆ ಮಗನನ್ನೂ ಕೇಳಿದರು. ಅವೆಲ್ಲ ಮುಗಿದು, ಮಾರ್ಚ್ ತಿಂಗಳು, ಅವಳು ಅಡುಗೆಮನೆಯ ಕಟ್ಟೆಯ ಮೇಲೇ ಹೈಸ್ಕೂಲು ಹುಡುಗರ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು, ಅವನು ಕುದುರೆ ಸವಾರಿಯ ಕಂತು ಓದಿದ. ನಗು ಬರಲಿಲ್ಲ. ಹರಿದುಹಾಕಿ ಮತ್ತೆ ಬರೆದು ತಂದ. ಆಗಲೂ ಬರಲಿಲ್ಲ. ಮೂರನೇ ಸಲ ಬಂದವನು ಕೂರಲೂ ಇಲ್ಲ; ಸ್ಟಾಫ್ ರೂಮಿನ ಬಾಗಿಲಲ್ಲಿ ಪೇಪರು ಹಿಡಿದು ನಿಂತ ಹುಡುಗನ ಹಾಗೆ ಅವಳ ಮುಖವನ್ನೇ ನೋಡುತ್ತ ಓದಿದ. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಒಂದು ಮಾರ್ಕಿನಲ್ಲಿ ಫೇಲಾಗುವ ಮುಖ. ಎಷ್ಟೋ ಜನಕ್ಕೆ ಆ ಒಂದು ಮಾರ್ಕು ಕೊಟ್ಟು ದಾಟಿಸಿದ ಕೈ ಅವಳದು. ನಕ್ಕುಬಿಟ್ಟಳು. ನೆಮ್ಮದಿಯಿಂದ ಅವನ ಹೆಗಲು ಇಳಿದದ್ದನ್ನು ನೋಡಿ, ಪಾಪ, ಇನ್ನೊಂದು ಸಲ ನಕ್ಕಳು.

ಗ್ರೇಸ್ ಮಾರ್ಕ್ಸ್ ಕೊಟ್ಟವರಿಗೆ ಗೊತ್ತಿರುತ್ತದೆ, ಒಂದು ಸಲ ಕೊಟ್ಟರೆ ಆ ಹುಡುಗ ಮುಂದಿನ ಸಲವೂ ಅದೇ ಬಾಗಿಲಲ್ಲಿ ನಿಲ್ಲುತ್ತಾನೆ. ಮುಂದಿನ ಗುರುವಾರ ನಗದಿದ್ದರೆ ಹಿಂದಿನ ಗುರುವಾರದ್ದು ಸುಳ್ಳೆಂದು ತಿಳಿದುಬಿಡುತ್ತಿತ್ತು. ಹಾಗಾಗಿ ನಕ್ಕಳು. ಅದಕ್ಕೆಂದು ಅದರ ಮುಂದಿನ ಗುರುವಾರ ನಕ್ಕಳು. ಬರುಬರುತ್ತ ಅದಕ್ಕೊಂದು ಚಾಕಚಕ್ಯತೆಯೇ ಬಂತು: ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಗೆ ಕೈ ಅಡ್ಡ, ನಡುವೆ ಒಂದು "ಸಾಕು ಸುಮ್ನಿರಿ." ಅವಳ ನಿವೃತ್ತಿಯ ದಿನ ಹೆಡ್‌ಮಿಸ್ಸು ಮೈಕಿನಲ್ಲಿ "ಇಡೀ ಕರ್ನಾಟಕ ಕೇಳಿರೋ ನಗು ನಮ್ಮ ಮೇಡಂದು" ಎಂದು ಹೇಳಿ ಆ ಹಳೆಯ ನಗುವನ್ನು ಸ್ಪೀಕರಿನಲ್ಲಿ ಹಾಕಿಸಿದ್ದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಾರ ಹಾಕಿಸಿಕೊಂಡು ಕೂತಿದ್ದ ಅನಂತಲಕ್ಷ್ಮಿಗೆ, ತನ್ನದೇ ಹಳೆಯ ಒಳ್ಳೆಯತನವನ್ನು ಯಾರೋ ಎದುರಿಗೇ ಎತ್ತಿ ತೋರಿಸಿ ಮಂಗಳಾರತಿ ಮಾಡಿದ ಹಾಗಾಗಿ ಕಿವಿ ಬಿಸಿಯಾಗಿತ್ತು. ಮನೆಗೆ ಬಂದು ತಲೆನೋವೆಂದು ಮಲಗಿದ್ದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಬಸವೇಶ್ವರನಗರದ ಮನೆಯ ಗೇಟು ತೆಗೆಯುವಾಗ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು: ಇವತ್ತೊಂದು ದಿನ ನಕ್ಕುಬಿಡುವುದು. ಮೂರು ವರ್ಷ ತಾನೇ. ಅರವತ್ತಾರು ಆಗಿರುವ ಮನುಷ್ಯನಿಗೆ ಈಗ ಹೋಗಿ ನಿಮ್ಮ ಹದಿಮೂರು ವರ್ಷದ ಬರವಣಿಗೆ ಸಪ್ಪೆ ಎಂದರೆ ಎದೆ ಒಡೆದುಕೊಂಡಾರು. ಊರಿನವರು ಬೈದುಕೊಳ್ಳಲಿ, ಮೆಟ್ರೋ ಹುಡುಗರು ಉರಿದುಕೊಳ್ಳಲಿ. ಪುರುಷೋತ್ತಮ ಆಗಲೇ ಅಡುಗೆಮನೆಯಲ್ಲಿ ಸ್ಟೂಲು ಎಳೆದುಕೊಂಡು ಕೂತಿದ್ದ. ಗಡ್ಡ ತೆಗೆದಿರಲಿಲ್ಲ. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. "ಕೂತ್ಕೋ. ನೀರು ಕುಡಿ ಬೇಕಾದ್ರೆ" ಎಂದ, ಡಾಕ್ಟರು ರೋಗಿಗೆ ಹೇಳುವ ಹಾಗೆ. ಅವಳು ಮೆಂತ್ಯದ ಸೊಪ್ಪಿನ ಕಟ್ಟು ಬಿಚ್ಚಿ ಎದುರಿಗೆ ಹರಡಿಕೊಂಡಳು. ಕೈಗೆ ಕೆಲಸವಿದ್ದರೆ ನಗುವುದು ಸುಲಭ.

ಅವನು ಓದತೊಡಗಿದ. ಬೋರಲಿಂಗಯ್ಯ ಒಂದು ರೋಬೋಟು ತರಿಸಿಕೊಂಡಿದ್ದಾನೆ. ಕರೆಂಟು ಖರ್ಚಾಗುತ್ತದೆಂದು ಅದಕ್ಕೆ ಮುದ್ದೆ ತಿನ್ನಿಸುತ್ತಾನೆ. ಅದಕ್ಕೆ ಲುಂಗಿ ಉಡಿಸುತ್ತಾನೆ. ಲುಂಗಿ ಬಿಚ್ಚಿಹೋಗುತ್ತದೆ. ಪುರುಷೋತ್ತಮ ಅಲ್ಲಿ ನಿಲ್ಲಿಸಿ ಕಣ್ಣೆತ್ತಿದ. ಅವಳು ಮೂಗಿನಲ್ಲಿ ಶುರುಮಾಡಿದಳು, ಬಾಯಿಗೆ ಕೈ ತಂದಳು, ಹ್ಹಹ್ಹ ಎಂದು ಎರಡು ಸಲ ಬಂತು. ಅವನ ಮುಖದಲ್ಲಿ ಸಂತೋಷ ಕಾಣಬೇಕಿತ್ತು. ಕಾಣಲಿಲ್ಲ. ಇನ್ನೂ ಬಿಳಿಚಿಕೊಂಡ ಹಾಗಿತ್ತು. ಹಾಳೆ ತಿರುಗಿಸಿದ. ಮುಂದೆ ಓದಿದ: ರೋಬೋಟು ಪದ್ದಕ್ಕನನ್ನು ಅಜ್ಜಿ ಎಂದು ಕರೆಯುತ್ತದೆ, ಪದ್ದಕ್ಕ ಪೊರಕೆ ತೆಗೆದುಕೊಳ್ಳುತ್ತಾಳೆ, ರೋಬೋಟಿನ ಲುಂಗಿ ಮತ್ತೆ ಬಿಚ್ಚಿಹೋಗುತ್ತದೆ. ಮತ್ತೆ ನಿಲ್ಲಿಸಿದ. ಅನಂತಲಕ್ಷ್ಮಿ ಬಾಯಿ ತೆರೆದಳು, ನಗುವುದಕ್ಕೇ ತೆರೆದಳು, ದೇವರಾಣೆಗೂ ನಗುವುದಕ್ಕೇ. ಏನಕ್ಕೆ ನಗ್ತಾಳೋ ಎಂದಿದ್ದ ಆ ಹುಡುಗನ ಕಿವಿಚಿದ ಮುಖ ಎಲ್ಲಿತ್ತೋ ಎದುರಿಗೆ ಬಂದು ನಿಂತಿತು. ಏನಕ್ಕೆ? ಅವಳಿಗೇ ಗೊತ್ತಾಗಲಿಲ್ಲ.

"ರೀ," ಎಂದಳು. "ನಂಗೆ ನಗು ಬರ್ಲಿಲ್ಲ."

"ಯಾವುದಕ್ಕೆ? ಅಜ್ಜಿ ಅಂದಿದ್ದಕ್ಕಾ?"

"ಯಾವುದಕ್ಕೂ ಬರ್ಲಿಲ್ಲ."

ಅವನು ಕನ್ನಡಕ ತೆಗೆದ. "ಯಾಕೆ, ಮೈ ಹುಷಾರಿಲ್ವಾ? ರಾತ್ರಿ ನಿದ್ದೆ ಬಂತಾ ಅಲ್ಲಿ?"

ದಾರಿ ಬಿಟ್ಟುಕೊಟ್ಟಿದ್ದ. ಹೂಂ ತಲೆನೋವು ಎಂದಿದ್ದರೆ ಮುಗಿಯುತ್ತಿತ್ತು. "ಚೆನ್ನಾಗಿದೀನಿ. ಆಗ್ಲೇ ನಕ್ಕೆನಲ್ಲ, ಲುಂಗಿಗೆ, ಅದೂ ಸುಳ್ಳು. ಹೋದ ವಾರದ್ದೂ ಸುಳ್ಳು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಸುಮ್ನೆ ನಗ್ತಾ ಇದ್ದೆ ಕಣ್ರೀ. ಬೈಯ್ಯೋದಿದ್ರೆ ಬೈದುಬಿಡಿ."

"ಯಾವತ್ತಿಂದ?"

"ಕುದುರೆ ಸವಾರಿ ಬರೆದ್ರಲ್ಲ, ಅವತ್ತಿಂದ."

ಪುರುಷೋತ್ತಮ ಎದ್ದು ನಿಂತ. ಈಗ ಹಾಳೆ ಎಸೆಯುತ್ತಾನೆ, ಮೇಲೆ ಟೆರೇಸಿಗೆ ಹೋಗಿ ಕೂರುತ್ತಾನೆ, ಇವತ್ತು ಊಟ ಮಾಡುವುದಿಲ್ಲ ಎಂದೆಲ್ಲ ಅವಳಿಗೆ ಒಟ್ಟೊಟ್ಟಿಗೆ ಹೊಳೆಯಿತು. ಅವನು ಎಲ್ಲಿಗೂ ಹೋಗಲಿಲ್ಲ. ಕಟ್ಟೆ ಹಿಡಿದುಕೊಂಡು ನಿಂತು, ಪರೀಕ್ಷೆಯಲ್ಲಿ ಬಾಯಿಪ್ರಶ್ನೆ ಕೇಳುವವನ ಹಾಗೆ ಕೇಳತೊಡಗಿದ.

"ಚಂದ್ರಲೋಕ?"

"ಇಲ್ಲ."

"ದೆವ್ವ ಬಾಡಿಗೆಗೆ ಬಂದಿದ್ದು? ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ನಕ್ಕಿದ್ಯಲ್ಲೇ!"

"ಈರುಳ್ಳಿ ಹೆಚ್ತಾ ಇದ್ದೆ ಅವತ್ತು."

"ಪದ್ದಕ್ಕ ಎಲೆಕ್ಷನ್ನಿಗೆ ನಿಂತಿದ್ದು?"

"ಅದ್ರಲ್ಲಿ ಒಂದೇ ಒಂದು ಕಡೆ. ಅವಳಿಗೆ ಚಪ್ಪಲಿ ಗುರುತು ಸಿಗುತ್ತಲ್ಲ, ಓಟು ಕೇಳೋಕೆ ಹೋದಾಗ ಜನ ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂತಾರಲ್ಲ, ಅಲ್ಲಿ. ಅಲ್ಲಿ ನಿಜವಾಗ್ಲೂ ಬಂತು."

"ಅದೊಂದೇ!" ಎಂದು ಪುರುಷೋತ್ತಮ ಕೂಗಿದ. "ಅದೊಂದೇ ಕಣೇ! ನಂಗೂ ಅದೊಂದೇ ಚೆನ್ನಾಗಿದೆ ಅನ್ನಿಸಿದ್ದು! ಲಿಫ್ಟು? ಲಿಫ್ಟಿನಲ್ಲಿ ಸಿಕ್ಕಿಹಾಕ್ಕೊಂಡಿದ್ದು?"

"ಕೊನೇಲಿ ಚೂರು."

"ಕೊನೇಲೇ! ಹೌದು, ಕೊನೇಲೇ!" ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಹುಚ್ಚನ ಹಾಗೆ ಕಂಡ. "ಅನಂತೂ, ನನ್ನ ತಲೆ ಸರಿಯಾಗಿದೆ ಕಣೇ. ನಂಗೇನೂ ಆಗಿಲ್ಲ!"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ಸ್ಟೂಲಿನ ಮೇಲೆ ಕುಸಿದು ಕೂತು ಹೇಳಿದ, ಹೇಳಿದ ಅನ್ನುವುದಕ್ಕಿಂತ ಒಂದೇ ಉಸಿರಿಗೆ ಸುರಿದ. "ಬರೆಯೋವಾಗ ನಂಗೇ ಗೊತ್ತಾಗ್ತಿತ್ತು, ಇದು ಸಪ್ಪೆ ಅಂತ. ಹರಿದು ಹಾಕೋದು ಅಂತಲೇ ತರ್ತಿದ್ದೆ. ನಿನ್ನ ಮುಂದೆ ಓದಿದ್ರೆ ನೀನು ಬಿದ್ದು ಬಿದ್ದು ನಗ್ತೀಯಾ. ಯಾವುದು ಚೆನ್ನಾಗಿದೆ ಅಂದ್ಕೊಂಡೆನೋ ಅದಕ್ಕೂ ಅಷ್ಟೇ ನಗ್ತೀಯಾ, ಯಾವುದು ಗೊಬ್ಬರವೋ ಅದಕ್ಕೂ ಅಷ್ಟೇ. ನೀನು ಸುಳ್ಳು ನಗೋಳಲ್ಲ. ಹಾಗಾದ್ರೆ ತಪ್ಪು ಎಲ್ಲಿ? ನನ್ನ ತಲೇಲಿ. ಅಪ್ಪಂಗೆ ಶುರುವಾಗಿದ್ದೂ ಹೀಗೇ ಅಲ್ವೇನೇ? ಉಪ್ಪು ಯಾವುದು ಸಕ್ಕರೆ ಯಾವುದು ಅಂತ ನಾಲಿಗೆಗೆ ಗೊತ್ತಾಗ್ತಿರ್ಲಿಲ್ಲ. ನಂಗೆ ತಮಾಷೆ ಗೊತ್ತಾಗ್ತಾ ಇಲ್ಲ, ಮುಂದೆ ನೀನೂ ಗೊತ್ತಾಗಲ್ಲ ಅಂದ್ಕೊಂಡೆ. ಡಾಕ್ಟ್ರ ಹತ್ರ ಹೋಗಿಬಂದೆ. ಅವರು ನಾರ್ಮಲ್ ಅಂದ್ರು. ಅವರಿಗೇನು ಗೊತ್ತು, ಅವರು ನಮ್ಮ ಕಂತು ನೋಡ್ತಾರಾ? ಇವತ್ತಿಂದು ಬೇಕೂ ಅಂತಲೇ ಕೆಟ್ಟದಾಗಿ ಬರೆದೆ ಕಣೇ. ಇದಕ್ಕಿಂತ ಕೆಟ್ಟದು ನನ್ನ ಕೈಲಿ ಬರೆಯೋಕಾಗಲ್ಲ. ಇದಕ್ಕೂ ನೀನು ನಕ್ಕುಬಿಟ್ರೆ ಇನ್ನು ನನ್ನ ತಲೆ ನಂಬೋದು ಬೇಡ, ನೀನೂ ಕಾಂತರಾಜೂ ಹೇಳಿದ ಕಡೆ ಸೈನ್ ಹಾಕ್ಕೊಂಡು ಬಿದ್ದಿರೋದು ಅಂತ ತೀರ್ಮಾನ ಮಾಡಿದ್ದೆ. ಲುಂಗಿಗೆ ನಕ್ಕೆ ನೋಡು, ಹ್ಹಹ್ಹ ಅಂತ, ಆಗ ಮುಗೀತು ಅಂದ್ಕೊಂಡೆ."

ಅನಂತಲಕ್ಷ್ಮಿಯ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಹಾಗೇ ಇತ್ತು. ತಾನು ದಾನ ಅಂದುಕೊಂಡು ಗುರುವಾರ ಗುರುವಾರ ಈ ಮನುಷ್ಯನ ಎಲೆಗೆ ಬಡಿಸುತ್ತ ಬಂದದ್ದು ಏನನ್ನು ಎಂದು ಈಗ ಅವಳಿಗೆ ಅರ್ಥವಾಯಿತು. ಇನ್ನೊಂದು ಹ್ಹಹ್ಹ ಹೊರಬಿದ್ದಿದ್ದರೆ? ಅಪ್ಪನ ಹಾಗೆ ಮರೆಯುತ್ತಿದ್ದೇನೆ ಎಂದುಕೊಂಡು, ಏನನ್ನೂ ಮರೆಯದ ಗಂಡ ಉಳಿದ ಕಾಲವನ್ನೆಲ್ಲ ಹೆದರಿಕೊಂಡೇ ಕಳೆಯುತ್ತಿದ್ದ. ನಾನು ಪಾಪಿ, ಎಂದುಕೊಂಡಳು. ಆದರೆ ಆಶ್ಚರ್ಯ, ಆ ಮಾತು ಒಳಗೆ ಕಚ್ಚಿಕೊಂಡು ಕೂರಲಿಲ್ಲ. ಎದುರಿಗೆ ಆ ಮನುಷ್ಯ ಫೇಲಾದ ಪೇಪರನ್ನೇ ಹಿಡಿದುಕೊಂಡು ಫಸ್ಟ್ ಕ್ಲಾಸ್ ಬಂದವನ ಹಾಗೆ ಕೂತಿದ್ದ, ಹದಿಮೂರು ವರ್ಷ ಬರೆದದ್ದೆಲ್ಲ ಸಪ್ಪೆಯೆಂದು ಕೇಳಿ ಇಷ್ಟು ಸಂತೋಷಪಟ್ಟ ಇನ್ನೊಬ್ಬ ಲೇಖಕ ಈ ಬೆಂಗಳೂರಿನಲ್ಲಿ ಇರಲಾರ. ಅವಳ ಬೆನ್ನಿನ ಮೇಲೆ ಎಷ್ಟೋ ಕಾಲದಿಂದ ಯಾರೋ ಕೂತಿದ್ದು ಈಗ ಇಳಿದು ಹೋದ ಹಾಗಿತ್ತು. ಎದ್ದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಸೊಪ್ಪಿನ ಮಣ್ಣು ಅವನ ನರೆಗೂದಲಿಗೆ ಮೆತ್ತಿತು.

ಕಾಂತರಾಜು ಬಂದಾಗ ಅನ್ನಕ್ಕೆ ಇಟ್ಟಿತ್ತು. ನಾಗರಬಾವಿ ಕಡೆಯ ಹಳೆಯ ಹೊಲದವನು. ಹೊಲ ಲೇಔಟ್ ಆದಮೇಲೆ ಬಂದ ದುಡ್ಡಿನಲ್ಲಿ ಸ್ಟುಡಿಯೋ ಮಾಡಿ, ಈ ಧಾರಾವಾಹಿಯನ್ನು ಮಗುವಿನ ಹಾಗೆ ಸಾಕಿದವನು. ಚಪ್ಪಲಿ ಬಿಟ್ಟು ಒಳಗೆ ಬಂದು, "ಅಕ್ಕಾ ನಮಸ್ಕಾರ, ಬೆಳಿಗ್ಗೆ ಬೆಳಿಗ್ಗೆ ನಕ್ಕಿದ್ದಾಯ್ತಾ?" ಎಂದು ಕಾಗದದ ಕವರು ಟೀಪಾಯಿಯ ಮೇಲಿಟ್ಟ.

"ಸೈನ್ ಹಾಕಲ್ಲ ಕಾಂತರಾಜು" ಎಂದ ಪುರುಷೋತ್ತಮ.

"ಯಾಕ್ ಸಾರ್? ರೇಟು ಸಾಲ್ದಾ?"

"ರೇಟಿನ ಮಾತಲ್ಲ. ಚೆನ್ನಾಗಿಲ್ಲ. ಬಹಳ ವರ್ಷದಿಂದ ಚೆನ್ನಾಗಿಲ್ಲ."

ಕಾಂತರಾಜು ದಿಕ್ಕು ತೋಚದೆ ಅವಳ ಕಡೆ ನೋಡಿದ. "ಅಕ್ಕಾ, ನೀವಾದ್ರೂ ಒಂದು ಮಾತು ಹೇಳಿ."

"ಚೆನ್ನಾಗಿಲ್ಲ ಕಾಂತರಾಜು," ಎಂದಳು. ಎಷ್ಟು ಸುಲಭವಾಗಿ ಬಂತು ಎಂದು ಅವಳಿಗೇ ಬೆರಗು.

ಕಾಂತರಾಜು ಸೋಫಾದ ಮೇಲೆ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಂಡ. ಅವನು ಜಗಳಕ್ಕೆ ಬರುತ್ತಾನೆಂದು ಇಬ್ಬರೂ ಕಾದರು. "ಅಯ್ಯೋ ನನ್ನಪ್ಪಾ," ಎಂದ ಅವನು. "ನಾನೇ ಹೆಂಗಪ್ಪಾ ಹೇಳ್ಲಿ ಅಂತಿದ್ದೆ. ನನ್ನ ಮಗಳು ಬಿಂದುಶ್ರೀ ಇದನ್ನ ನೋಡೋದು ಬಿಟ್ಟು ಯಾವ ಕಾಲ ಆಯ್ತು ಗೊತ್ತಾ ಸಾರ್? ನಿಮಗೆ ಬೇಜಾರಾಗುತ್ತೆ, ಅಕ್ಕ ಅಷ್ಟು ನಗ್ತಾರಂತೆ, ನಂಗೇ ರುಚಿ ಗೊತ್ತಾಗಲ್ಲವೇನೋ ಅಂತ ಸುಮ್ನಿದ್ದೆ. ಚಾನೆಲ್‌ನೋರಂತೂ ಹೋದ ವರ್ಷವೇ ನಿಲ್ಸೋ ಮನಸ್ಸು ಮಾಡಿದ್ರಂತೆ, ನಂಗೆ ಬೇಜಾರಾಗುತ್ತೆ ಅಂತ ಮುಂದುವರಿಸಿದಾರೆ. ದಾಕ್ಷಿಣ್ಯಕ್ಕೆ ಬಸುರಾದ್ರೆ..." ಎಂದವನು ಅಕ್ಕ ಎದುರಿಗಿದ್ದಾಳೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. "ಹೆರೋದಕ್ಕೆ ಜಾಗ ಇಲ್ಲ," ಎಂದು ಅನಂತಲಕ್ಷ್ಮಿಯೇ ಮುಗಿಸಿದಳು. ಇಡೀ ಊರು ಸೇರಿಕೊಂಡು ಒಬ್ಬರಿಗೊಬ್ಬರು ಒಂದೊಂದು ಮಾರ್ಕು ಹಾಕುತ್ತ ಈ ಬೋರಲಿಂಗಯ್ಯನನ್ನು ಚಂದ್ರಲೋಕದವರೆಗೆ ಪಾಸು ಮಾಡಿದ್ದರು. ಕಾಂತರಾಜು ಕವರನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಊಟಕ್ಕೆ ನಿಲ್ಲು ಎಂದರೆ ಇಲ್ಲಕ್ಕಾ, ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಗೃಹಪ್ರವೇಶ ಇದೆ ಎಂದು, ಬಂದದ್ದಕ್ಕಿಂತ ಹಗುರವಾಗಿ ಮೆಟ್ಟಿಲಿಳಿದು ಹೋದ.

ಊಟಕ್ಕೆ ಕೂತಾಗ ಪುರುಷೋತ್ತಮನಿಗೆ ಮಾತಿನ ಹುಚ್ಚು ಹಿಡಿದಿತ್ತು. ಮೆಂತ್ಯದ ಹುಳಿ ಕಲೆಸಿಕೊಳ್ಳುತ್ತ ಡಾಕ್ಟರ ಹತ್ತಿರ ಹೋದ ಕಥೆ ಶುರುಮಾಡಿದ. "ಸ್ಟುಡಿಯೋಗೆ ಹೋಗ್ತೀನ್ ಅಂತ ಹೇಳಿ ಹೋಗಿದ್ನಲ್ಲ ಅವತ್ತು, ಮಳೆ ಬೇರೆ. ನೆನಪಿನ ಪರೀಕ್ಷೆ ಅಂತ ಒಂದು ಗಡಿಯಾರ ಬರೀರಿ ಅಂದ್ರು. ನಾನು ಬರೆದೆ, ಮುಳ್ಳು ಹಾಕಿದೆ, ಚೆನ್ನಾಗಿರ್ಲಿ ಅಂತ ಅದಕ್ಕೆ ಕಣ್ಣು ಮೂಗು ಮೀಸೆ ಎಲ್ಲಾ ಹಾಕಿದೆ. ಡಾಕ್ಟ್ರು ಗಾಬರಿಯಾಗಿ ಮನೆಯಿಂದ ಯಾರು ಬಂದಿದಾರೆ ಅಂದ್ರು. ಯಾರೂ ಇಲ್ಲ ಅಂದೆ. ಹೆಂಡತಿ ಹೆಸರೇನು ಅಂದ್ರು. ಹೇಳಿದೆ. ಹೊರಗೆ ಬಂದು ಆ ಬೆಂಚಿನ ಮೇಲೆ ಕೂತ್ಕೊಂಡು ಇನ್ನೊಂದು ಸಲ ಹೇಳ್ಕೊಂಡೆ, ಆಮೇಲೆ ಬಸ್ಸಿನಲ್ಲಿ ಇನ್ನೊಂದು ಸಲ, ಮರೆತುಹೋದೀತು ಅಂತ. ಪಕ್ಕದಲ್ಲಿದ್ದ ಹೆಂಗಸು ನಾನು ಅನಂತಲಕ್ಷ್ಮಿ, ಅನಂತಲಕ್ಷ್ಮಿ ಅಂತಿರೋದು ಕೇಳಿ ಯಾವ ದೇವಸ್ಥಾನ ಸ್ವಾಮೀ ಅಂದಳು!" ಅಷ್ಟು ಹೇಳಿ ಪುರುಷೋತ್ತಮ ತುತ್ತು ಕೈಯಲ್ಲೇ ಹಿಡಿದು ಗಹಗಹಿಸಿ ನಕ್ಕ.

ಅವಳ ತಟ್ಟೆಯ ಮೇಲೆ ಎರಡು ಹನಿ ಬಿತ್ತು. ಮಳೆಯಲ್ಲಿ, ಒಬ್ಬನೇ, ಬೆಂಚಿನ ಮೇಲೆ.

"ಏ, ಅಳ್ತೀಯಾ? ತಮಾಷೆ ಕಣೇ ಇದು!"

"ನಂಗೆ ನಗು ಬರ್ಲಿಲ್ಲ ರೀ" ಎಂದಳು ಅನಂತಲಕ್ಷ್ಮಿ, ಮೂಗು ಒರೆಸಿಕೊಳ್ಳುತ್ತ, ಅವನ ಮುಖವನ್ನೇ ನೋಡುತ್ತ.

"ಬರದಿದ್ರೆ ಬಿಡು" ಎಂದ ಪುರುಷೋತ್ತಮ, ಮತ್ತು ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿದ.